ಅಪ್ಪನ ಟ್ರಾನ್ಸ್‌ಫಾರ್ಮರ್

ತಮ್ಮ ಕೈಯಾರೆ ಕಟ್ಟಿದ ಆಂಪ್ಲಿಫೈಯರ್‌ಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್ ತೆಗೆದು ಹಗುರದ ಸ್ವಿಚಿಂಗ್ ಸಪ್ಲೈ ಹಾಕಬಾರದೆಂದು ಅಪ್ಪ ಎಂದೋ ಮಾತು ತೆಗೆದುಕೊಂಡಿದ್ದರು. ಮಾತು ಕೊಟ್ಟ ಮಗಳು ಈಗ ಅದೇ ಪೆಟ್ಟಿಗೆಯ ಕೊನೆಯ ಸ್ಕ್ರೂ ಬಿಚ್ಚುತ್ತಿದ್ದಳು. ನಡುಮನೆಯಲ್ಲಿ ಅಪ್ಪನ ದೇಹವಿತ್ತು. ಇನ್ನೇನು ಗಾಡಿ ಬರುವುದಿತ್ತು. ಒಯ್ಯುವ ಮೊದಲು ಒಂದು ಸಲ ಅವರ ದನಿ ಕೇಳಬೇಕೆಂದು ಅಮ್ಮ ಹಳೆಯ ಕ್ಯಾಸೆಟ್ ಹುಡುಕಿ ತಂದಿದ್ದಳು. ಮನೆಯಲ್ಲಿ ಟೇಪು ಇದ್ದದ್ದು ಈ ಪೆಟ್ಟಿಗೆಯಲ್ಲೇ; ಹಾಕಿದರೆ ದನಿಯೆಲ್ಲ ಮುಳುಗಿ ಬರೀ ಗುಂಯ್ ಎನ್ನುವ ಸದ್ದು.

"ಒಳಗೆ ದುಂಬಿ ಹೊಕ್ಕಿದೆಯೇನೇ?" ಎಂದರು ಚಿಕ್ಕಪ್ಪ.

"ಟ್ರಾನ್ಸ್‌ಫಾರ್ಮರ್, ಚಿಕ್ಕಪ್ಪ. ಕ್ಯಾಸೆಟ್ ಓದೋ ಹೆಡ್ ಪಕ್ಕದಲ್ಲೇ ಬೆಸುಗೆ ಹಾಕಿ ಕೂರಿಸಿಬಿಟ್ಟಿದ್ದಾರೆ, ಸರಿಸೋಕೂ ಆಗಲ್ಲ. ಅದು ಗುಂಯ್‌ಗುಡೋದನ್ನೆಲ್ಲ ಹೆಡ್ ಹಿಡ್ಕೊಳ್ಳುತ್ತೆ."

"ಅಣ್ಣನಿಗೆ ಹೇಳೋಕೇನಾಗಿತ್ತು?"

"ನೀವು ಹೇಳಿ ನೋಡಬೇಕಿತ್ತು."

ಚಿಕ್ಕಪ್ಪ ನಗು ನುಂಗಿಕೊಂಡರು.

\*

ಅವಳು ಹೊಸದಾಗಿ ಅಪ್ಪನ ಮೈಕ್‌ಸೆಟ್ ಅಂಗಡಿಯಲ್ಲಿ ಕೂರತೊಡಗಿದ್ದ ದಿನಗಳು. ಅಂಗೈಯಗಲದ ಸ್ವಿಚಿಂಗ್ ಸಪ್ಲೈಯೊಂದನ್ನು ತಂದು ತೋರಿಸಿದಾಗ ಅಪ್ಪ ಕೈಯಲ್ಲಿ ತೂಗಿ ನೋಡಿದ್ದರು.

"ಹೊಟ್ಟೆಗೇನೂ ತಿಂದೇ ಇಲ್ಲ ಇದು. ಮೊನ್ನೆ ಸಭೇಲಿ ಇಂಥದ್ದೇ ಒಂದು ಭಾಷಣ ಮುಗಿಯೋವರೆಗೂ ಸೊಳ್ಳೆ ಥರ ಕಿಂಯ್ ಅಂತಿತ್ತು. ಸಪ್ಲೈ ಅಂದ್ರೆ ಟ್ರಾನ್ಸ್‌ಫಾರ್ಮರ್ ಇರೋ ಲೀನಿಯರ್. ಎತ್ತಿದವರ ಸೊಂಟ ಹಿಡೀಬೇಕು."

"ಎತ್ತೋಳು ನಾನು ತಾನೇ?"

"ಅದಕ್ಕೇ ನಿನ್ನ ಹತ್ರ ಮಾತು ತಗೋತಿರೋದು. ನಾನು ಹೋದ ಮೇಲೂ ಟ್ರಾನ್ಸ್‌ಫಾರ್ಮರ್ ಮುಟ್ಟಬೇಡ."

ಅಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು. ಅವಳು ಹೂಂ ಅಂದಿದ್ದಳು.

\*

ಮುಚ್ಚಳ ತೆಗೆದ ಮೇಲೆ ಕೈ ಮುಂದೆ ಹೋಗಲಿಲ್ಲ. ಅಮ್ಮ ಪಕ್ಕಕ್ಕೆ ಬಂದು ಕುಳಿತಳು.

"ಯಾಕೆ ಸುಮ್ನಾದೆ?"

"ಇದನ್ನ ಮುಟ್ಟಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೆ."

ಅಮ್ಮ ಪೆಟ್ಟಿಗೆಯೊಳಗೆ ಇಣುಕಿದಳು. "ನನಗೂ ಅವರು ಎಷ್ಟೋ ಮಾತು ಕೊಟ್ಟಿದ್ರು. ಇವತ್ತು ಅದನ್ನೆಲ್ಲ ಯಾರು ಕೇಳ್ತಾರೆ? ತೆಗಿ."

ಮಗಳು ಟ್ರಾನ್ಸ್‌ಫಾರ್ಮರಿನ ತಂತಿಗಳನ್ನು ಬಿಡಿಸಿದಳು. ಅಂಗಡಿಯಿಂದ ತರಿಸಿದ್ದ ಸ್ವಿಚಿಂಗ್ ಸಪ್ಲೈಯನ್ನು ಉದ್ದ ತಂತಿಗೆ ಸಿಕ್ಕಿಸಿ, ಹೆಡ್‌ನಿಂದ ದೂರ, ಕೋಣೆಯ ಆ ಮೂಲೆಗೆ ಇಟ್ಟಳು. ಗುಂಡಿ ಒತ್ತಿದಳು. ಗುಂಯ್ ಇಲ್ಲ, ಕಿಂಯ್ ಇಲ್ಲ.

"ಹಲೋ, ಹಲೋ, ಮೈಕ್ ಟೆಸ್ಟಿಂಗ್," ಎಂದರು ಅಪ್ಪ, ಪಕ್ಕದಲ್ಲೇ ಕೂತವರಂತೆ. "ಊರಿಗೆಲ್ಲ ಕೇಳುತ್ತೆ, ಅಡುಗೆಮನೆಗೆ ಮಾತ್ರ ಕೇಳಲ್ಲ. ಏನೇ, ಬಾ ಇಲ್ಲಿ."

ಅಮ್ಮ ಎದ್ದೇಬಿಟ್ಟಳು. ಅರ್ಧ ಎದ್ದವಳು ಹಾಗೇ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ಚಿಕ್ಕಪ್ಪನೂ ನಕ್ಕರು. ಬೆಳಗಿನಿಂದ ಬಿಗಿದಿದ್ದ ಮಗಳ ಹೆಗಲು ಸಡಿಲಾಯಿತು. ಕೊಟ್ಟ ಮಾತನ್ನು ಅವಳು ಮುರಿದಿದ್ದಳು.