ಕಡ ತಂದ ತರಗತಿ

ಆ ವರ್ಷ ವಿಶ್ವವಿದ್ಯಾಲಯಕ್ಕೆ ಸೇರುವವರೂ ಕಡಿಮೆಯಾದರು, ಸರ್ಕಾರದ ಅನುದಾನವೂ ಕಡಿಮೆಯಾಯಿತು. ಎರಡೂ ಒಟ್ಟಿಗೆ ಬಂದದ್ದರಿಂದ ಒಂದು ಯೋಜನೆ ಬೇಕೆಂದಾಯಿತು. ಯಾವ ವಿಭಾಗ ಇರಬೇಕು, ಯಾವುದು ಇನ್ನೊಂದರ ಮಡಿಲಿಗೆ ಬೀಳಬೇಕು, ಯಾವುದರ ಬಾಗಿಲು ಹಾಕಬೇಕು ಎಂದು ತೀರ್ಮಾನಿಸುವ ಯೋಜನೆ. ಅದಕ್ಕೆ ‘ಶೈಕ್ಷಣಿಕ ಮರುಹೊಂದಾಣಿಕೆ’ ಎಂದು ಹೆಸರಿಟ್ಟರು. “ಕತ್ತರಿಗೆ ಎಷ್ಟು ಚೆಂದದ ಹೆಸರು ನೋಡ್ರಪ್ಪಾ” ಎಂದು ಕ್ಯಾಂಟೀನಿನಲ್ಲಿ ಯಾರೋ ಅಂದರು, ಎಲ್ಲರೂ ನಕ್ಕರು. ಹೆಸರಿಟ್ಟವನು ಭೂಗೋಳ ವಿಭಾಗದ ಮುಖ್ಯಸ್ಥ. ಅವನೂ ಅಲ್ಲೇ ಕೂತು ಟೀ ಕುಡಿಯುತ್ತಿದ್ದ. ಅವನೂ ನಕ್ಕ.

ಅವನನ್ನು ಎಲ್ಲರೂ ‘ನಕ್ಷೆ’ ಎಂದೇ ಕರೆಯುತ್ತಿದ್ದರು. ಬರವಣಿಗೆ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಕುಲಪತಿ ಅವನನ್ನು ಯೋಜನಾ ಸಮಿತಿಯ ಕಾರ್ಯದರ್ಶಿ ಮಾಡಿದ್ದರು. ವರದಿ ಬರೆಯುವುದು ಅವನ ಕೆಲಸ. ವಿಭಾಗಗಳಿಗೆ ಅಂಕ ಕೊಡುವುದು ಹೊರಗಿನಿಂದ ಬಂದಿದ್ದ ಸಲಹೆಗಾರನ ಕೆಲಸ. ಸಲಹೆಗಾರನಿಗೆ ದಾಖಲಾತಿಯ ಪಟ್ಟಿಗಳಲ್ಲಿ ನಂಬಿಕೆ ಇರಲಿಲ್ಲ. “ಕಾಗದದ ಮೇಲೆ ಎಲ್ಲಾ ವಿಭಾಗಾನೂ ತುಂಬಿ ತುಳುಕ್ತಿರುತ್ತೆ. ನಾನು ಬಾಗಿಲಲ್ಲಿ ನಿಂತು ನೋಡ್ತೀನಿ” ಎಂದಿದ್ದ. ಹೇಳದೆ ಕೇಳದೆ ಕಾರಿಡಾರಿನಲ್ಲಿ ನಡೆದುಹೋಗುವುದು, ಪಾಠ ನಡೆಯುವ ಕೋಣೆಗೆ ತಲೆ ಹಾಕುವುದು, ಕೂತವರನ್ನು ಎಣಿಸುವುದು. ಅದಕ್ಕೆ ‘ನಡಿಗೆ’ ಎಂದೇ ಹೆಸರು ಬಿತ್ತು. ನಡಿಗೆ ಯಾವ ದಿನ ಎಂಬುದು ಸಮಿತಿಯ ಹೊರಗೆ ಯಾರಿಗೂ ತಿಳಿಯಬಾರದಿತ್ತು. ನಕ್ಷೆಗೆ ತಿಳಿದಿತ್ತು.

ಅವನ ವಿಭಾಗಕ್ಕೆ ಮಕ್ಕಳು ಸೇರುತ್ತಿದ್ದರು, ಕ್ಲಾಸಿಗೆ ಬರುತ್ತಿರಲಿಲ್ಲ. ಅರ್ಧಕ್ಕರ್ಧ ಮಂದಿ ಬೆಳಗ್ಗೆ ಎಲ್ಲೆಲ್ಲೋ ಕೆಲಸಕ್ಕೆ ಹೋಗುತ್ತಿದ್ದರು, ಪರೀಕ್ಷೆಗೆ ಮಾತ್ರ ಮುಖ ತೋರಿಸುತ್ತಿದ್ದರು. ಉದ್ದನೆಯ ಆ ಕೋಣೆಯಲ್ಲಿ ಮುಂದಿನ ಎರಡು ಬೆಂಚು ತುಂಬಿದರೆ ಅದೇ ದೊಡ್ಡದು. ಅದರ ಮೇಲಿನ ಮಹಡಿಯಲ್ಲಿ ತತ್ತ್ವಶಾಸ್ತ್ರ ವಿಭಾಗ. ಅಲ್ಲಿ ಸೇರಿದವರೇ ಸ್ವಲ್ಪ ಜನ, ಆದರೆ ಒಬ್ಬರೂ ತಪ್ಪಿಸುತ್ತಿರಲಿಲ್ಲ. ಅದಕ್ಕೆ ಕಾರಣ ಅಲ್ಲಿನ ಮುಖ್ಯಸ್ಥೆ, ಅವನ ಹೆಂಡತಿಯ ಅಕ್ಕ.

ಅಕ್ಕ ಅವನಿಗೆ ಮೊದಲು ಸಹೋದ್ಯೋಗಿ, ಆಮೇಲೆ ನೆಂಟಳು. ತಂಗಿಗೆ ಇವನೇ ಸರಿ ಎಂದು ಮನೆಯವರನ್ನೆಲ್ಲ ಒಪ್ಪಿಸಿದವಳು ಅವಳು. ಹೆಂಡತಿ ಕರೆದಂತೆ ಅವನೂ ‘ಅಕ್ಕಾ’ ಎನ್ನುತ್ತಿದ್ದ. ಅವಳು ಮಾತ್ರ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ.

“ಏನ್ರೀ ನಕ್ಷೆ, ಮಹಡಿ ಹತ್ತಿ ಬಂದಿದೀರಾ? ಕೆಳಗೆ ದಾರಿ ತಪ್ಪಿತಾ?”

ನಡಿಗೆಯ ಹಿಂದಿನ ದಿನ ಅವನು ಅವಳ ಕೋಣೆಗೆ ಹೋಗಿದ್ದ. ಸುತ್ತಿ ಬಳಸಿ ಮಾತಾಡಿ ಕೊನೆಗೆ ವಿಷಯಕ್ಕೆ ಬಂದ. ನಾಳೆ ಕೆಳಗಿನ ಮಹಡಿ, ನಾಡಿದ್ದು ಮೇಲಿನದು. ನಾಳೆ ನಿಮ್ಮ ಮಕ್ಕಳು ನಮ್ಮ ಕೋಣೆಯಲ್ಲಿ ಬಂದು ಕೂರಲಿ. ನಾಡಿದ್ದು ನಮ್ಮವರನ್ನು ಹೇಗಾದರೂ ಹಿಡಿದು ತಂದು ನಿಮ್ಮಲ್ಲಿ ಕೂರಿಸುತ್ತೇನೆ.

ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ಪಕ್ಕದ ಮನೇಲಿ ಕುರ್ಚಿ ಕೇಳೋ ಹಾಗೆ ಮಕ್ಕಳನ್ನ ಕೇಳ್ತಿದೀರಲ್ರೀ.”

“ಎಲ್ಲಾರೂ ಮಾಡ್ತಿದಾರೆ ಅಕ್ಕಾ.”

“ಮಾಡ್ತಿರಬಹುದು. ನನ್ನ ಮಕ್ಕಳಿಗೆ ಏನಂತ ಹೇಳಲಿ? ಸುಳ್ಳು ಹೇಳಿ ಕಳಿಸಲಾ?”

“ಒಂದು ಪಾಠ ಕೇಳ್ಕೊಂಡು ಬನ್ನಿ ಅನ್ನಿ. ಅದರಲ್ಲಿ ಸುಳ್ಳೇನಿದೆ?”

ಅವಳು ಅವನ ಮುಖವನ್ನೇ ನೋಡಿದಳು. ಅವನು ಮೇಜಿನ ಮೇಲಿದ್ದ ಕನ್ನಡಕ ನೋಡಿದ. “ನಿಮ್ಮ ಮುಖ ನೋಡಿದ್ರೆ ಪಾಪ ಅನ್ಸುತ್ತೆ” ಎಂದಳು ಕಡೆಗೆ. “ಆಯ್ತು, ಕಳಿಸ್ತೀನಿ. ಆದ್ರೆ ಚೆನ್ನಾಗಿ ಪಾಠ ಮಾಡ್ಸಿ. ಸುಮ್ನೆ ಕೂರಿಸಿದ್ರೆ ಅವರು ಪ್ರಶ್ನೆ ಕೇಳಿ ಪ್ರಾಣ ತಿಂತಾರೆ.”

ಮರುದಿನ ನಡಿಗೆ ಶುರುವಾಯಿತು. ಮುಂದೆ ಸಲಹೆಗಾರ, ಜೊತೆಗೆ ರಿಜಿಸ್ಟ್ರಾರ್, ಹಿಂದೆ ನಕ್ಷೆ. ಭೂಗೋಳದ ಕೋಣೆ ಹಿಂದಿನ ಬೆಂಚಿನವರೆಗೂ ತುಂಬಿತ್ತು. ಅವನ ವಿಭಾಗದ ಕಿರಿಯ ಉಪನ್ಯಾಸಕ ಗಡಿಗಳ ಬಗ್ಗೆ ಪಾಠ ಮಾಡುತ್ತಿದ್ದ. ಅಷ್ಟರಲ್ಲಿ ಅಕ್ಕನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು.

“ಸಾರ್, ನಕ್ಷೇಲಿ ಗಡಿ ಅಂತ ಗೆರೆ ಎಳೀತೀವಲ್ಲ, ಆ ಗೆರೆಗೂ ಒಂದು ದಪ್ಪ ಇರುತ್ತೆ. ಆ ಗೆರೆ ಕೆಳಗೆ ಸಿಕ್ಕಿರೋ ನೆಲ ಯಾರದು?”

ಉಪನ್ಯಾಸಕ ಹಲಗೆಯ ಮೇಲೆ ತಾನೇ ಎಳೆದಿದ್ದ ಗೆರೆಯ ಕಡೆ ತಿರುಗಿದ. ಸಲಹೆಗಾರ ಬಾಗಿಲ ಚೌಕಟ್ಟಿಗೆ ಒರಗಿ ಗಟ್ಟಿಯಾಗಿಯೇ ಹೇಳಿದ: “ವಾಹ್! ಇದು ಕ್ಲಾಸು.” ಆಮೇಲೆ ತಿರುಗಿ ನಕ್ಷೆಯ ಬೆನ್ನು ತಟ್ಟಿದ. ಬೆನ್ನು ತಟ್ಟಿದ ಕೈ ಅಲ್ಲಿ ಇದ್ದಷ್ಟು ಹೊತ್ತು ನಕ್ಷೆಗೆ ನಿಜವಾಗಿಯೂ ಹೆಮ್ಮೆಯಾಯಿತು. ಆ ಹುಡುಗಿ ತನ್ನವಳಲ್ಲ ಎಂಬುದು ಆ ಕ್ಷಣಕ್ಕೆ ಅವನಿಗೆ ಮರೆತೇ ಹೋಗಿತ್ತು. ಇದನ್ನು ಆಮೇಲೆ ನೆನೆದಾಗೆಲ್ಲ ಅವನಿಗೆ ಮೈ ಮುದುಡಿಕೊಳ್ಳುವಂತಾಗುತ್ತಿತ್ತು.

ಸಲಹೆಗಾರನಿಗೆ ಹುರುಪು ಬಂದಿತ್ತು. “ಬೇಗ ಮುಗೀತಲ್ಲ. ಮೇಲಿನದ್ದೂ ಇವತ್ತೇ ನೋಡಿಬಿಡೋಣ” ಎಂದು ಮೆಟ್ಟಿಲ ಕಡೆ ನಡೆದೇಬಿಟ್ಟ.

ಹೇಳಲು ಬೇಕಾದಷ್ಟು ಮಾತುಗಳಿದ್ದವು. ಮೇಲೆ ಇವತ್ತು ಬೇರೆ ಕಾರ್ಯಕ್ರಮ ಇದೆ ಅನ್ನಬಹುದಿತ್ತು. ಮೊದಲು ಟೀ ಕುಡಿಯೋಣ ಬನ್ನಿ ಅನ್ನಬಹುದಿತ್ತು. ಏನೂ ಇಲ್ಲದಿದ್ದರೆ ಕಾಲು ನೋವು ಎಂದಾದರೂ ಅಲ್ಲೇ ಕೂರಬಹುದಿತ್ತು. ಅವನು ಮೆಟ್ಟಿಲು ಹತ್ತಿದ. ಪ್ರತಿ ಮೆಟ್ಟಿಲಿಗೂ ಮುಂದಿನದರಲ್ಲಿ ಹೇಳೋಣ ಎಂದುಕೊಂಡು ಹತ್ತಿದ.

ಅಕ್ಕ ಬರಿದಾದ ಕೋಣೆಯಲ್ಲಿ ಕಪ್ಪುಹಲಗೆಯ ಮುಂದೆ ನಿಂತು ಮಧ್ಯಾಹ್ನದ ಪಾಠಕ್ಕೆ ಏನೋ ಬರೆದುಕೊಳ್ಳುತ್ತಿದ್ದಳು. ಹೆಜ್ಜೆ ಸಪ್ಪಳಕ್ಕೆ ತಿರುಗಿದಳು. ಮೊದಲು ಸಲಹೆಗಾರನನ್ನು ನೋಡಿದಳು, ಆಮೇಲೆ ಅವನ ಹಿಂದಿದ್ದ ನಕ್ಷೆಯನ್ನು.

“ಕ್ಲಾಸಿಲ್ವಾ ಮೇಡಂ ಈಗ?” ಸಲಹೆಗಾರ ಕೇಳಿದ. “ವೇಳಾಪಟ್ಟೀಲಿ ಇದೆಯಲ್ಲ?”

“ಇದೆ.”

“ಮಕ್ಕಳು?”

ಅವಳು ಒಂದು ಗಳಿಗೆ ಸುಮ್ಮನಿದ್ದಳು. ಆ ಒಂದು ಗಳಿಗೆ ಅವಳು ಯಾರಿಗೆ ಬಿಟ್ಟುಕೊಟ್ಟದ್ದು ಎಂದು ನಕ್ಷೆಗೆ ಚೆನ್ನಾಗಿ ಗೊತ್ತಾಯಿತು. ಅವನು ಕಿಟಕಿಯ ಕಡೆ ನೋಡಿದ.

“ಬರ್ತಾರೆ” ಎಂದಳು ಅಕ್ಕ. “ಇವತ್ತು ಸ್ವಲ್ಪ ತಡ.”

ರಿಜಿಸ್ಟ್ರಾರ್‌ಗೆ ತಮಾಷೆ ಸಿಕ್ಕಿಬಿಟ್ಟಿತು. “ತತ್ತ್ವಶಾಸ್ತ್ರ ಅಲ್ವಾ ಸಾರ್, ಕಣ್ಣಿಗೆ ಕಾಣ್ದೇ ಇರೋದನ್ನೂ ಇದೆ ಅಂತ ಒಪ್ಕೋಬೇಕು!”

ಸಲಹೆಗಾರ ನಕ್ಕ. ರಿಜಿಸ್ಟ್ರಾರ್ ತಮ್ಮ ಮಾತಿಗೆ ತಾವೇ ನಕ್ಕರು. ನಕ್ಷೆಯೂ ನಕ್ಕ. ದೊಡ್ಡದಾಗಿ ಏನಲ್ಲ, ದೊಡ್ಡವರು ನಗುವಾಗ ಕೆಳಗಿನವರು ನಗುವಷ್ಟು. ಅಕ್ಕ ತಿರುಗಿ, ಅರ್ಧಕ್ಕೆ ನಿಂತಿದ್ದ ವಾಕ್ಯವನ್ನು ಹಲಗೆಯ ಮೇಲೆ ಪೂರ್ತಿ ಮಾಡಿದಳು.

ಆ ವಾರವೇ ಅವನು ಮತ್ತೆ ಅವಳ ಕೋಣೆಗೆ ಹೋದ. ಕ್ಷಮಿಸಿ ಎನ್ನಲು ಹೋದವನು ಬೇರೆಯೇ ಮಾತಾಡಿದ. “ವರದಿ ಬರೆಯೋನು ನಾನೇ ಅಲ್ವಾ ಅಕ್ಕಾ? ನಾನು ಸರಿ ಮಾಡ್ತೀನಿ. ನಿಮ್ಮ ಮಕ್ಕಳು ಆವತ್ತು ಎಲ್ಲಿದ್ರು ಅಂತ ಹೇಳ್ತೀನಿ.”

“ಹೇಳಿ” ಎಂದಳು. ನಕ್ಷೆ ಎನ್ನಲಿಲ್ಲ, ಕೆಣಕಲಿಲ್ಲ. “ಕಾಯ್ತೀನಿ.”

ವರದಿಯಲ್ಲಿ ಆ ಮಾತನ್ನು ಬರೆದ, ಅಳಿಸಿದ, ಮತ್ತೆ ಬರೆದ. ಅಷ್ಟರಲ್ಲಿ ಕುಲಪತಿಗಳಿಂದ ಕರೆ ಬಂತು. ಭೂಗೋಳಕ್ಕೆ ಹೊಸ ಪ್ರಯೋಗಾಲಯ ಸಿಗಲಿದೆಯೆಂದೂ, ಗಡಿಯ ಗೆರೆಯ ಪ್ರಶ್ನೆಯನ್ನು ಸಲಹೆಗಾರ ಹೋದಲ್ಲೆಲ್ಲ ಹೇಳುತ್ತಿದ್ದಾನೆಂದೂ ಅವರು ತಿಳಿಸಿದರು. “ಅಂಥಾ ಮಕ್ಕಳನ್ನ ತಯಾರು ಮಾಡಿದೀರಲ್ಲ, ಭೇಷ್.” ನಕ್ಷೆ ವಾಪಸು ಬಂದು ಆ ವಾಕ್ಯವನ್ನು ಅಳಿಸಿಹಾಕಿದ. ಬರೆದರೆ ಜೀವವಿಲ್ಲದ ಮಾತಾಗುತ್ತದೆ, ಸಭೆಯಲ್ಲಿ ಎದ್ದು ನಿಂತು ಬಾಯಿಬಿಟ್ಟು ಹೇಳುವುದೇ ಸರಿ ಎಂದು ತನಗೆ ತಾನೇ ಹೇಳಿಕೊಂಡ. ತನಗೆ ಹೇಳಿಕೊಳ್ಳುವ ಮಾತಿನಲ್ಲಿ ಅವನು ಯಾವತ್ತೂ ಚುರುಕು.

ಸಭೆಯ ದಿನ ಬಂತು. ಶೈಕ್ಷಣಿಕ ಮಂಡಳಿಯ ಉದ್ದ ಮೇಜಿನ ಸುತ್ತ ಎಲ್ಲ ವಿಭಾಗದವರೂ ಕೂತಿದ್ದರು. ತಮ್ಮ ತಲೆ ಉಳಿದವರು ನೀರು ಕುಡಿಯುತ್ತಿದ್ದರು, ಉಳಿಯದವರು ಕಾಗದ ಮಗುಚುತ್ತಿದ್ದರು. ಕುಲಪತಿ ಒಂದೊಂದೇ ವಿಭಾಗದ ಹೆಸರು ಓದಿದರು. ತತ್ತ್ವಶಾಸ್ತ್ರ ಬಂತು. ಇನ್ನು ಮುಂದೆ ಹೊಸ ದಾಖಲಾತಿ ಇಲ್ಲ, ವಿಭಾಗ ಮುಚ್ಚುವುದು. “ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?”

ನಕ್ಷೆ ಎರಡೂ ಅಂಗೈಯನ್ನು ಮೇಜಿನ ಮೇಲೆ ಊರಿದ. ಏಳಬೇಕು. ಈಗ ಏಳಬೇಕು. ಎದುರಿನ ಸಾಲಿನಲ್ಲಿದ್ದ ಅಕ್ಕ ಅವನನ್ನು ನೋಡುತ್ತಿರಲಿಲ್ಲ. ಅವನು ಏಳುವುದಿಲ್ಲ ಎಂಬುದು ಅವಳಿಗೆ ಅಷ್ಟರಲ್ಲಾಗಲೇ ಗೊತ್ತಿದ್ದಿರಬೇಕು. ಅವಳೇ ಮಾತಾಡಿದಳು.

“ಈಗಿರೋ ಮಕ್ಕಳಿಗೆ ಓದು ಮುಗಿಸೋಕೆ ಬಿಡಿ. ಅಷ್ಟೇ ಕೇಳೋದು ನಾನು.”

“ನಿಮ್ಮನ್ನ ಬೇರೆ ಕಾಲೇಜಿಗೆ ಕಳಿಸ್ತಿದೀವಲ್ಲಮ್ಮ. ಅವರನ್ನ ಯಾರು ನೋಡ್ಕೋತಾರೆ? ಯಾವ ವಿಭಾಗದಲ್ಲಿ ಕೂರಿಸೋದು?”

ಫ್ಯಾನಿನ ಗಾಳಿಗೆ ಕಾಗದಗಳು ಎದ್ದೆದ್ದು ಬೀಳುತ್ತಿದ್ದವು. ಆಗ ನಕ್ಷೆ ಎದ್ದ. ಎದ್ದಾಗಲೂ ನಿಜ ಹೇಳಲೆಂದೇ ಎದ್ದೆ ಎಂದು ಅವನು ಆಮೇಲೆ ಎಷ್ಟೋ ದಿನ ನಂಬಿಕೊಂಡಿದ್ದ. ಬಾಯಿಂದ ಬಂದದ್ದು ಇಷ್ಟು:

“ನಮ್ಮಲ್ಲಿ ಕೂರಿಸ್ಕೋತೀವಿ ಸಾರ್.”

ಕುಲಪತಿಗಳ ಮುಖ ಅರಳಿತು. “ನೋಡಿ, ಇದು ದೊಡ್ಡತನ! ಇರೋರು ಇಲ್ದೋರಿಗೆ ಹೀಗೆ ಕೈ ಕೊಡಬೇಕು.” ಯಾರೋ ಮೇಜು ಕುಟ್ಟಿದರು, ಉಳಿದವರೂ ಕುಟ್ಟಿದರು. ಆ ಸದ್ದು ನಿಲ್ಲುವವರೆಗೆ ಅವನು ನಿಂತೇ ಇದ್ದ.

“ನಿಮಗೆ ಒಪ್ಪಿಗೆನಾ ಮೇಡಂ?”

“ಒಪ್ಪಿಗೆ” ಎಂದಳು ಅಕ್ಕ. “ಮಕ್ಕಳಿಗೂ ಕಷ್ಟ ಆಗಲ್ಲ. ಆ ಕೋಣೆ ಅವರಿಗೆ ಗೊತ್ತು.”

ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ ಅವನು ಅವಳ ಹಿಂದೆ ಓಡುತ್ತಲೇ ಹೋದ. “ಅಕ್ಕಾ, ಒಂದು ನಿಮಿಷ...”

ಅವಳು ನಿಂತಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

“ಕ್ಷಮಿಸಿ ಅಂತ ಶುರು ಮಾಡ್ಬೇಡಿ. ನನಗೆ ಬಸ್ಸಿದೆ” ಎಂದಳು. ಆಮೇಲೆ ದನಿ ತಗ್ಗಿಸಿ, “ತಂಗಿಗೆ ಇದೆಲ್ಲ ಹೇಳ್ಬೇಡಿ. ನನ್ನಾಣೆ. ಅವಳು ನಿಮ್ಮನ್ನ ಏನೋ ಅಂದ್ಕೊಂಡಿದಾಳೆ. ಹಾಗೇ ಇರ್ಲಿ.”

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ಏನಾಯ್ತು ಅಕ್ಕನ ವಿಷಯ? ನೀವು ಮಾತಾಡಿದ್ರಾ?”

ಅವನು ಚಪ್ಪಲಿ ಬಿಡುತ್ತ ತಲೆ ತಗ್ಗಿಸಿಯೇ ಹೇಳಿದ. ವಿಭಾಗ ಉಳಿಯಲಿಲ್ಲ. ಮಕ್ಕಳನ್ನು ಮಾತ್ರ ನಾನು ತೆಗೆದುಕೊಂಡೆ.

ಅವಳ ಕಣ್ಣು ತುಂಬಿತು. ಒಳಗೆ ಹೋಗಿ ಅಕ್ಕನಿಗೆ ಫೋನು ಹಚ್ಚಿದಳು. ಅವನು ಬಚ್ಚಲಲ್ಲಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದರೂ ಎಲ್ಲ ಕೇಳುತ್ತಿತ್ತು. “ಇವರಾದ್ರೂ ಇದ್ರಲ್ಲ ಕಣೇ ಅಕ್ಕಾ ನಿನ್ನ ಪರವಾಗಿ... ಹೌದಾ? ಮೇಜು ಕುಟ್ಟಿದ್ರಾ? ನೋಡು, ನನಗೆ ಒಂದು ಮಾತೂ ಹೇಳ್ಲಿಲ್ಲ ಇವರು! ಯಾವತ್ತಾದ್ರೂ ತಾನು ಮಾಡಿದ್ದು ಹೇಳ್ಕೋತಾರಾ? ಇರು, ಕೊಡ್ತೀನಿ.”

ಒದ್ದೆ ಕೈಯಲ್ಲೇ ಫೋನು ಹಿಡಿದ. ಆ ಕಡೆ ಬಸ್ಸಿನ ಸದ್ದು, ಯಾರೋ ಟಿಕೆಟ್ ಕೇಳುವ ಸದ್ದು. ಅಕ್ಕ ಮಾತಾಡಲಿಲ್ಲ. ಅವನೂ ಮಾತಾಡಲಿಲ್ಲ. ಹೆಂಡತಿ ಎದುರಿಗೆ ನಿಂತು, ನೆಂಟರ ನಡುವಿನ ದೊಡ್ಡ ಮಾತೊಂದನ್ನು ಕೇಳುತ್ತಿರುವವಳ ಹಾಗೆ ನಗುತ್ತಿದ್ದಳು.

“ಇಡ್ಲಾ?” ಎಂದಳು ಅಕ್ಕ ಸ್ವಲ್ಪ ಹೊತ್ತಿನ ಮೇಲೆ.

“ಹೂಂ.”

ಊಟಕ್ಕೆ ಕೂರಿಸಿ ಹೆಂಡತಿ ತಟ್ಟೆ ತುಂಬಾ ಬಡಿಸಿದಳು. ತಾನು ಆಮೇಲೆ ತಿನ್ನುತ್ತೇನೆಂದು ಪಕ್ಕದಲ್ಲೇ ಕೂತಳು. ಹೇಳಿಬಿಡಲೇ ಎಂದು ಎರಡು ಸಲ ತಲೆ ಎತ್ತಿದ. ಎರಡು ಸಲವೂ ಅವಳ ಮುಖ ನೋಡಿ ತಗ್ಗಿಸಿದ. ಅಕ್ಕ ಆಣೆ ಇಟ್ಟಿದ್ದಾಳೆ ಎಂದು ಸಮಾಧಾನ ಮಾಡಿಕೊಂಡ. ಆ ಸಮಾಧಾನ ಎಷ್ಟು ಸಲೀಸಾಗಿ ಸಿಕ್ಕಿತು ಎಂಬುದಕ್ಕೇ ಅವನ ಕಿವಿ ಬಿಸಿಯಾಯಿತು.

“ಇನ್ನೊಂಚೂರು ಹಾಕ್ಲಾ?” ಎಂದು ಅವಳು ಸೌಟು ಹಿಡಿದಳು.

ಅವನು ತಟ್ಟೆಯನ್ನು ಸೌಟಿನ ಕಡೆಗೆ ಸರಿಸಿದ.