ಮಿಕ್ಕ ಎರಡು ಟ್ಯೂಬು

ದೊಡ್ಡಬಳ್ಳಾಪುರದ ಪಕ್ಕದ ಮಧುರೆಯಲ್ಲಿ ಹಸುವಿನ ಕೆಚ್ಚಲು ಬಾತರೆ ಜನ ಮೊದಲು ಹೋಗುತ್ತಿದ್ದದ್ದು ರುಕ್ಮಿಣಮ್ಮನ ಮನೆಗೆ, ಆಮೇಲೆ ಡಾಕ್ಟರ ಹತ್ತಿರ. ಕೆಚ್ಚಲ ತೊಟ್ಟಿನೊಳಕ್ಕೆ ಏರಿಸುವ ಔಷಧಿ ಟ್ಯೂಬು ದಿನಕ್ಕೊಂದರಂತೆ ಐದು ದಿನ ಹಾಕಿ ಎಂದು ಡಾಕ್ಟರು ಬರೆದುಕೊಟ್ಟರೆ ಮೂರನೇ ದಿನಕ್ಕೇ ಹಾಲು ತಿಳಿಯಾಗುತ್ತದೆ. ಮಿಕ್ಕ ಎರಡು ರುಕ್ಮಿಣಮ್ಮನ ಫ್ರಿಜ್ಜು ಸೇರಿ, ಅಲ್ಲಿಂದ ಕೇಳಿದವರ ಮನೆ ಸೇರುತ್ತಿದ್ದವು. ಅವಳ ಮನೆಯಲ್ಲಿ ನೀರು ಮುಟ್ಟದ ಮೇಲಿನ ಬೀದಿಯವರೂ ಟ್ಯೂಬಿಗೆ ಮಾತ್ರ ಕೈಯೊಡ್ಡುತ್ತಿದ್ದರು. ಅದೊಂದು ಗತ್ತು ಅವಳಿಗೆ.

ಈ ಸಲ ಅವಳ ಹಸುವಿನದೇ ಕೆಚ್ಚಲು ಕಲ್ಲಾಯಿತು. ಎರಡು ಬಗೆಯ ಟ್ಯೂಬು ಏರಿಸಿದರೂ ಹಾಲು ಒಡೆದೇ ಬರುತ್ತಿತ್ತು. ದೊಡ್ಡಬಳ್ಳಾಪುರದ ಲ್ಯಾಬೊಂದರಲ್ಲಿ ಕೆಲಸ ಮಾಡುವ ಮೊಮ್ಮಗಳು ಸಂಘಮಿತ್ರ ಹಾಲು ಒಯ್ದು ಪರೀಕ್ಷೆ ಮಾಡಿಸಿದಳು. ಅದರಲ್ಲಿದ್ದ ಬ್ಯಾಕ್ಟೀರಿಯಾ, ರುಕ್ಮಿಣಮ್ಮನ ಮಾತಲ್ಲಿ ಹೇಳುವುದಾದರೆ ಹುಳ, ಮೂರು ಔಷಧಿಗೆ ಜಗ್ಗುವುದಿಲ್ಲ, ಒಂದಕ್ಕೆ ಮಾತ್ರ ಸಾಯುತ್ತದೆ. ಅದೂ ಕೈಕೊಟ್ಟರೆ ಕೆಚ್ಚಲು ಹೋದಂತೆಯೇ.

"ಮೂರನೇದು ನಾನು ಹಾಕೇ ಇಲ್ವಲ್ಲೇ. ಕಾಣದಿರೋ ಔಷಧೀನ ಹೆಂಗೆ ಅರಗಿಸ್ಕೊಂಡ್ತು?"

"ಇನ್ನೊಂದು ಹುಳ ಹೇಳ್ಕೊಟ್ಟಿರುತ್ತೆ ಅಜ್ಜಿ."

ಹುಳದೊಳಗೆ ಪ್ಲಾಸ್ಮಿಡ್ ಅಂತ ಪುಟ್ಟ ಉಂಗುರ ಇರುತ್ತದೆ, ಔಷಧಿಯಿಂದ ತಪ್ಪಿಸಿಕೊಳ್ಳುವ ವಿದ್ಯೆ ಅದರಲ್ಲಿರುತ್ತದೆ, ಒಂದೊಂದರಲ್ಲಿ ಮೂರು ನಾಲ್ಕು ಔಷಧಿಯದೂ ಎಂದು ಸಂಘಮಿತ್ರ ವಿವರಿಸಿದಳು. ಎರಡು ಹುಳ ಅಂಟಿಕೊಂಡಾಗ ಒಂದು ಅದರ ನಕಲು ತೆಗೆದು ಇನ್ನೊಂದಕ್ಕೆ ದಾಟಿಸುತ್ತದೆ, ತನ್ನದೂ ಉಳಿಯುತ್ತದೆ. ಮನೆಮನೆಯಲ್ಲಿ ಎರಡೆರಡು ಟ್ಯೂಬು ಹಾಕಿದಾಗಲೆಲ್ಲ ವಿದ್ಯೆ ಇಲ್ಲದವು ಸತ್ತು, ಇದ್ದವು ಸಂಸಾರ ಬೆಳೆಸುತ್ತವೆ. ಊರಿನ ಕೆಂಪರಾಜನ ಕೋಳಿ ಶೆಡ್ಡಿನಿಂದ ತಂದು ಕೊಟ್ಟಿಗೆ ಪಕ್ಕ ಸುರಿದ ಗೊಬ್ಬರದಿಂದಲೂ ಈ ವಿದ್ಯೆ ಬಂದಿರಬಹುದು, ಕೋಳಿಗೆ ಮೇವಿನಲ್ಲೇ ಔಷಧಿ ಬೆರೆಸುತ್ತಾರೆ.

"ಕೋಳಿ ಹುಳ ಹಸು ಹುಳಕ್ಕೆ ಕೊಡುತ್ತಾ? ಜಾತಿ ಬೇರೆ ಅಲ್ವಾ?"

"ಬೇರೆ ಆದ್ರೂ ಕೊಡುತ್ತೆ."

"ಮೇಲಿನ ಬೀದಿಯೋರಿಗಿಂತ ವಾಸಿ ಬಿಡು."

ಗೊಬ್ಬರ ಹೊಲಕ್ಕೆ ಹೋಯಿತು, ಹುಳ ಸಾಯುವ ಆ ಒಂದು ಔಷಧಿಯ ಐದು ಟ್ಯೂಬು ಬಂತು. ಮೂರನೇ ದಿನ ಹಾಲು ತಿಳಿಯಾದ ಸುದ್ದಿ ಹೇಗೋ ಹಬ್ಬಿ, ಮೇಲಿನ ಬೀದಿಯ ಮುನಿವೆಂಕಟಮ್ಮ ಬಾಗಿಲಲ್ಲಿ ನಿಂತಳು. ಅವಳ ಹಸುವಿಗೂ ಬಾವು. ಮಿಕ್ಕ ಎರಡು ಬೇಕಂತೆ. ರುಕ್ಮಿಣಮ್ಮ ಇದುವರೆಗೆ ಯಾರನ್ನೂ ಬರಿಗೈಯಲ್ಲಿ ಕಳಿಸಿದವಳಲ್ಲ. ಇಲ್ಲ ಅಂದರೆ ಈಕೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

"ಕೊಡಕ್ಕಾಗಲ್ಲ ಕಣಮ್ಮ. ಐದೂ ನಮ್ಮ ಹಸೀಗೇ ಬೇಕು. ನಿಮ್ಮ ಹಸಿನ ಹಾಲು ಕೊಡಿ, ನಮ್ಮ ಹುಡುಗಿ ಪರೀಕ್ಷೆ ಮಾಡಿಸ್ತಾಳೆ."

ಮೊಮ್ಮಗಳು ಎರಡಕ್ಷರ ಕಲಿತಿದ್ದೇ ಕೊಬ್ಬು ಬಂತು ಎಂದು ಗೊಣಗುತ್ತ ಮುನಿವೆಂಕಟಮ್ಮ ಹೋದಳು. ಅಂದು ರುಕ್ಮಿಣಮ್ಮ ಕೊಟ್ಟುಬಿಡಲೇ ಎಂದು ಎರಡು ಸಲ ಫ್ರಿಜ್ಜು ತೆರೆದು ಮುಚ್ಚಿದಳು. ಆದರೂ ನಾಲ್ಕನೆಯದು, ಐದನೆಯದು, ಎರಡನ್ನೂ ತನ್ನ ಹಸುವಿಗೇ ಏರಿಸಿದಳು. ಕೆಚ್ಚಲು ಮೆತ್ತಗಾಯಿತು.

ಆರನೇ ದಿನ ಬೆಳಿಗ್ಗೆ ಮುನಿವೆಂಕಟಮ್ಮ ಮತ್ತೆ ಬಂದಳು, ಕೈಯಲ್ಲಿ ಉಪ್ಪಿನಕಾಯಿ ಬಾಟಲಿ ತುಂಬ ಹಾಲು. ರುಕ್ಮಿಣಮ್ಮ ಮೂಸಿ ನೋಡಿದಳು.

"ಇದ್ರಾಗೆ ಹಸಿನ ಹುಳ ಯಾವ್ದು, ಉಪ್ಪಿನಕಾಯಿ ಹುಳ ಯಾವ್ದು ಅಂತ ಹೇಳೋರ್ಯಾರು? ನಡೀರಿ, ನಾನೇ ಬಂದು ಹಿಡೀತೀನಿ."

ಸಂಘಮಿತ್ರ ತಂದಿಟ್ಟಿದ್ದ ಲ್ಯಾಬಿನ ಸೀಲು ಬಾಟಲಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅರವತ್ತು ವರ್ಷದಲ್ಲಿ ಮೊದಲ ಸಲ ಆ ಬೀದಿಯ ಮನೆಯೊಂದರ ಕೊಟ್ಟಿಗೆಯೊಳಗೆ ಕಾಲಿಟ್ಟಳು. ಯಾರೂ ತಡೆಯಲಿಲ್ಲ. ಹಸು ಮಾತ್ರ ಒಂದು ಸಲ ಒದ್ದಿತು.