ತೂಗಿ ಹಂಚಿಕೊಂಡ ಸ್ಟೀರಿಯೋ

ನಾನು ಒಂದು ಸ್ಟೀರಿಯೋ ಪ್ರಿಆಂಪ್ಲಿಫೈಯರ್. ಹೆಸರು ನಾಲಗೆಗೆ ಸಿಗದಿದ್ದರೆ ಬೇಸರವಿಲ್ಲ, ನನ್ನನ್ನು ಇಟ್ಟುಕೊಂಡ ಮನೆಯವರೂ ಕೊನೆಯತನಕ 'ಪೆಟ್ಟಿಗಿ' ಎಂದೇ ಕರೆದರು. ರೆಕಾರ್ಡಿನ ಮೇಲೆ ಓಡುವ ಮುಳ್ಳು ಬಹಳ ಮೆಲ್ಲಗೆ ಮಾತಾಡುತ್ತದೆ. ಆ ಪಿಸುಮಾತನ್ನು ಕೆಡದಂತೆ ಹಿಡಿದು, ಒಂದಿಷ್ಟು ಗಟ್ಟಿ ಮಾಡಿ, ಮುಂದಿರುವ ದೊಡ್ಡ ಆಂಪ್ಲಿಫೈಯರಿಗೆ ಒಪ್ಪಿಸುವುದು ನನ್ನ ಕೆಲಸ. ಎಡಕ್ಕೊಂದು ದಾರಿ, ಬಲಕ್ಕೊಂದು ದಾರಿ. ಎರಡೂ ಒಂದೇ ತರಹ.

ಲೋಕದಲ್ಲಿ ಎಲ್ಲರೂ ಹುಟ್ಟಿ, ಬೆಳೆದು, ಆಮೇಲೆ ಪಾಲಾಗುತ್ತಾರೆ. ನಾನು ಹುಟ್ಟುವ ಮೊದಲೇ ಪಾಲಾದೆ.

ಮುಂಬಯಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಉದ್ದನೆಯ ಮೇಜಿನ ಸುತ್ತ ಹೆಂಗಸರು ಕೂತು ನನ್ನನ್ನು ಚೀಲಗಳಿಗೆ ತುಂಬಿದರು. ಒಬ್ಬಳು ಸ್ಕ್ರೂ ಹಾಕಿದಳು, ಒಬ್ಬಳು ಬಣ್ಣಬಣ್ಣದ ಪಟ್ಟಿಗಳಿದ್ದ ರೆಸಿಸ್ಟರುಗಳನ್ನು ಹಾಕಿದಳು. ಇನ್ನೊಬ್ಬಳು ಮಗಳ ಮದುವೆಯ ಸುದ್ದಿ ಹೇಳುತ್ತ ಸೀಸದ ಬೆಸುಗೆ ತಂತಿಯನ್ನು ಸುರುಳಿ ಸುತ್ತಿಟ್ಟಳು. ಜೋಡಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಕೊಂಡವರೇ ಜೋಡಿಸಿಕೊಳ್ಳಬೇಕು ಎಂಬುದು ಆ ಕಂಪನಿಯ ವ್ಯಾಪಾರ. ಹಾಗೆ ನಾನು ಕೈಕಾಲು ಬೇರೆ ಬೇರೆಯಾಗಿಯೇ, ಪಾರ್ಸೆಲ್ಲಿನಲ್ಲಿ, ಗದಗಿನ ಕಾಳಪ್ಪ ಪತ್ತಾರರ ಮನೆಗೆ ಬಂದು ಇಳಿದೆ.

ಪತ್ತಾರರೆಂದರೆ ಬಂಗಾರದ ಕೆಲಸದವರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅಲ್ಲಿ ಬಂಗಾರ ಬಡಿಯುವ ಅಡಿಗಲ್ಲು, ಅಗ್ಗಿಷ್ಟಿಕೆ, ಊದುಗೊಳವೆ, ಗಾಜಿನ ಪೆಟ್ಟಿಗೆಯೊಳಗೆ ಸಣ್ಣ ತಕ್ಕಡಿ, ಹೊರಗೆ ಬೆಳ್ಳಿ ತೂಗುವ ದೊಡ್ಡ ತಕ್ಕಡಿ. ಕಾಳಪ್ಪನವರಿಗೆ ಮೂವರು ಮಕ್ಕಳು. ಹಿರಿಯವನು ಮೌನೇಶ, ಹೆಸರಿಗೆ ಮಾತ್ರ ಮೌನ. ಕಿರಿಯವನು ನಾಗಲಿಂಗ, ಅವನೇ ನಿಜವಾದ ಮೌನಿ. ನಡುವಿನವಳು ದಾಕ್ಷಾಯಣಿ. ಗಂಡುಮಕ್ಕಳು ಬೇಗ ಶಾಲೆ ಬಿಟ್ಟು ಅಪ್ಪನ ಪಕ್ಕ ಕೂತಿದ್ದರು. ದಾಕ್ಷಾಯಣಿ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಳು. ಪತ್ರಿಕೆಯೊಂದರಲ್ಲಿ ನನ್ನ ಜಾಹೀರಾತು ನೋಡಿ, ಮನೆಯಲ್ಲಿದ್ದ ರೆಕಾರ್ಡ್ ಪ್ಲೇಯರಿಗೆ ಇದು ಬೇಕೇ ಬೇಕು ಎಂದು ಅಪ್ಪನ ಬೆನ್ನು ಹತ್ತಿ ತರಿಸಿದವಳು ಅವಳೇ.

"ಓದಾಕಿ ನಾನು, ಬೆಸಿಯಾವ್ರು ನೀವು," ಎಂದು ಅಣ್ಣತಮ್ಮಂದಿರಿಗೆ ಕೆಲಸ ಹಂಚಿದಳು. ಮೌನೇಶ ಆಗಲೇ ಊದುಗೊಳವೆ ಕೈಗೆತ್ತಿಕೊಂಡು ಬಿಳಿಗಾರದ ಡಬ್ಬಿ ತೆರೆದಿದ್ದ. ಬಂಗಾರ ಬೆಸೆಯಲು ಬಿಳಿಗಾರವಿಲ್ಲದೆ ಆಗದಲ್ಲ.

"ಅಣ್ಣಾ, ಇದು ಬಂಗಾರಲ್ಲ. ಬೆಂಕಿ ಊದಿದಿ ಅಂದ್ರ ಸುಟ್ಟು ಬೂದಿ ಆಗತೈತಿ. ಇದಕ್ಕ ಬ್ಯಾರೆ ಕಾವು."

ಅಷ್ಟರಲ್ಲಿ ಕಾಳಪ್ಪನವರು ಅಡ್ಡ ಬಾಯಿ ಹಾಕಿದರು. "ಆಷಾಢ ನಡದೈತಿ. ಹೊಸಾ ಕೆಲಸ ಶ್ರಾವಣದಾಗ ಹಿಡೀರಿ."

ಶ್ರಾವಣ ಬಂತು, ಕಾಳಪ್ಪನವರು ಇರಲಿಲ್ಲ. ಒಂದು ಬೆಳಿಗ್ಗೆ ಅಡಿಗಲ್ಲಿನ ಮುಂದೆ ಕೂತವರು ಹಾಗೆಯೇ ಪಕ್ಕಕ್ಕೆ ವಾಲಿದ್ದರು. ಸೂತಕ ಕಳೆಯಿತು, ವರ್ಷದೊಳಗೆ ಮಗಳನ್ನು ಧಾರೆ ಎರೆಯಬೇಕೆಂದು ದಾಕ್ಷಾಯಣಿಯನ್ನು ಕೊಪ್ಪಳಕ್ಕೆ ಕೊಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ನನ್ನ ಪಾಡು ಅದಾಯಿತು. ಚೀಲಗಳ ಬಾಯಿ ಮತ್ತೆ ಕಟ್ಟಿ ನನ್ನನ್ನು ಅಟ್ಟಕ್ಕೆ ಏರಿಸಿದರು.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಅಪ್ಪನ ಜಾಗದಲ್ಲಿ ಯಾರು ಕೂರಬೇಕು, ಗಿರಾಕಿಗೆ ಯಾರು ಮಾತು ಕೊಡಬೇಕು ಎಂಬುದರಿಂದ ಶುರುವಾದ ಕಿರಿಕಿರಿ ಪಾಲಿನವರೆಗೆ ಬಂತು. ಸೋದರಮಾವ ವೀರಭದ್ರಪ್ಪನವರು ಪಂಚರಾಗಿ ಬಂದು ಕೂತರು. ಅವರೂ ಪತ್ತಾರರೇ. ಕಣ್ಣಳತೆ ಅವರಿಗೆ ಆಗಿಬರದು. ತಾಮ್ರದ ಹಂಡೆ, ಹಿತ್ತಾಳೆ ಕೊಡ, ಎಲ್ಲವನ್ನೂ ಬೆಳ್ಳಿಯ ತಕ್ಕಡಿಗೆ ಏರಿಸಿ ಸರಿಸಮ ಹಂಚಿದರು. ಕೊನೆಗೆ ಯಾರೋ ನನ್ನನ್ನೂ ಅಟ್ಟದಿಂದ ಇಳಿಸಿದರು.

ಮಾವನವರು ಚೀಲ ಬಿಚ್ಚಿ ನೋಡಿ ಸಂತೋಷಪಟ್ಟರು. "ದೇವ್ರೇ ಪಾಲು ಮಾಡಿ ಕಳಿಸ್ಯಾನ ನೋಡ್ರಿ. ಎಲ್ಲಾ ಜೋಡಿ ಜೋಡಿ ಅದಾವ. ಜೋಡಿ ಇದ್ದದ್ದು ಒಂದೊಂದು ತಗೋರಿ. ಒಂಟಿ ಇದ್ದದ್ದು ತೂಕದ ಮ್ಯಾಲೆ."

ಬಾಗಿಲ ಬಳಿ ನಿಂತಿದ್ದ ದಾಕ್ಷಾಯಣಿ, "ಮಾವಾ, ಅದನ್ನ ಹಂಗ ಹಂಚಿದ್ರ ಯಾರಿಗೂ ಉಪಯೋಗಿಲ್ಲ," ಎಂದಳು. ಕೊಟ್ಟ ಮನೆಯ ಹೆಣ್ಣಿನ ಮಾತು ಪಾಲಿನ ಪಂಚಾಯಿತಿಯಲ್ಲಿ ಯಾರ ಕಿವಿಗೆ ಬೀಳಬೇಕು? ತಕ್ಕಡಿಯ ಒಂದು ತಟ್ಟೆಯಲ್ಲಿ ನನ್ನ ಭಾರದ ಟ್ರಾನ್ಸ್‌ಫಾರ್ಮರ್, ಇನ್ನೊಂದರಲ್ಲಿ ಅಲ್ಯೂಮಿನಿಯಂ ಹೊರಮೈ, ಗುಂಡಿಗಳು, ಸ್ಕ್ರೂ ಚೀಲ. ಬೆಸುಗೆಯ ತಂತಿಯನ್ನೂ ಮಾವನವರು ಕತ್ತರಿಸಿ ಎರಡು ಮಾಡಿದರು. ನಾನು ಆ ತಕ್ಕಡಿಯಲ್ಲಿ ತೂಗಾಡುತ್ತ, ಒಂದು ಕೈ ಇನ್ನೊಂದು ಕೈಯನ್ನು ಎದುರು ತಟ್ಟೆಯಲ್ಲಿ ನೋಡಿದ ಹಾಗೆ, ನನ್ನನ್ನು ನಾನೇ ನೋಡಿದೆ.

ತಕ್ಕಡಿಯ ಮುಳ್ಳು ನಿಲ್ಲುವ ಹೊತ್ತಿಗೆ, ನಾಗಲಿಂಗ ಕೂತ ಕಡೆಗಿದ್ದ ಮೌನೇಶನ ಪಾಲಿನ ತಟ್ಟೆ ತಟಕ್ಕನೆ ವಾಲಿತು. ಮೌನೇಶ ಅಂದುಬಿಟ್ಟ.

"ಅಪ್ಪನ ತಕ್ಕಡಿಗೆ ಬೆರಳು ಹಚ್ಚಬ್ಯಾಡ."

ಪತ್ತಾರನಿಗೆ ಕಳ್ಳ ಅನ್ನಿ, ಸುಳ್ಳ ಅನ್ನಿ, ನಕ್ಕು ಸುಮ್ಮನಾದಾನು. ತಕ್ಕಡಿಗೆ ಬೆರಳು ಹಚ್ಚಿದ ಎಂದರೆ ಅವನಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅಸಲಿಗೆ ನಾಗಲಿಂಗ ತಟ್ಟೆಯನ್ನು ಮುಟ್ಟಿರಲಿಲ್ಲ. ಸ್ಕ್ರೂ ಚೀಲ ಅಂಚಿಗೆ ಜಾರಿತ್ತು, ಅಷ್ಟೇ. ಅದನ್ನು ಕಂಡದ್ದು ನಾನೊಬ್ಬನೇ, ನನಗೋ ಬಾಯಿ ಜೋಡಿಸಿರಲಿಲ್ಲ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ನಾಗಲಿಂಗ ತನ್ನ ಅರ್ಧವನ್ನು ಎತ್ತಿಕೊಂಡು ಎದ್ದ. ಅಂದಿನಿಂದ ಅಣ್ಣನೊಡನೆ ಮಾತಾಡಲಿಲ್ಲ.

ಮನೆಯ ನಡುವೆ ಗೋಡೆ ಎದ್ದಿತು. ಅಂಗಡಿಯಾಗಿದ್ದ ಅಪ್ಪನ ಕೋಣೆಯನ್ನು ಮಾತ್ರ ಒಡೆಯಲು ಇಬ್ಬರಿಗೂ ಮನಸ್ಸಾಗದೆ, ಬಾಗಿಲಿಗೆ ಎರಡು ಬೀಗ ಜಡಿದರು. ಇವನ ಬೀಗ ಇವನದು, ಅವನ ಬೀಗ ಅವನದು. ಇಬ್ಬರೂ ಒಟ್ಟಿಗೆ ಬಾರದೆ ಅದು ತೆರೆಯುವಂತಿರಲಿಲ್ಲ, ತೆರೆಯಲೂ ಇಲ್ಲ. ಇಬ್ಬರೂ ಬಜಾರಿನಲ್ಲಿ ಬೇರೆ ಬೇರೆ ಅಂಗಡಿ ಹಿಡಿದರು. ನಾನು ಗೋಡೆಯ ಆಚೆ ಅಟ್ಟದಲ್ಲಿ ಅರ್ಧ, ಈಚೆ ಅಟ್ಟದಲ್ಲಿ ಅರ್ಧ ಧೂಳು ತಿನ್ನುತ್ತ ಕೂತೆ. ಒಂದು ಕಿವಿ ಅಲ್ಲಿ, ಒಂದು ಕಿವಿ ಇಲ್ಲಿ. ಎರಡೂ ಮನೆಯ ಜಗಳ, ಜೋಗುಳ, ಕುಕ್ಕರಿನ ಸಿಳ್ಳೆ ಎಲ್ಲ ಕೇಳಿದ್ದೇನೆ.

ದಾಕ್ಷಾಯಣಿ ತವರಿಗೆ ಬಂದಾಗಿನ ಕಷ್ಟವನ್ನು ನನ್ನಷ್ಟು ಹತ್ತಿರದಿಂದ ಯಾರೂ ಕಂಡಿಲ್ಲ. ಅಣ್ಣನ ಮನೆಯಲ್ಲಿ ಎರಡು ರೊಟ್ಟಿ ತಿಂದರೆ ತಮ್ಮನ ಮನೆಯಲ್ಲೂ ಎರಡೇ ತಿನ್ನಬೇಕು. ಅಲ್ಲಿ ಉಡಿ ತುಂಬಿದರೆ ಇಲ್ಲಿಯೂ ತುಂಬಬೇಕು. ಅಲ್ಲಿ ನಕ್ಕದ್ದು ಇಲ್ಲಿ ಕೇಳಿಸಬಾರದು. ಒಮ್ಮೆ ಹಿತ್ತಲಲ್ಲಿ ಗೋಡೆಗೆ ಒರಗಿ, "ಎರಡು ಮನಿ ಅದಾವ, ತವರುಮನಿ ಇಲ್ಲ," ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡಳು. ಆ ಮಾತು ನನ್ನ ಎರಡೂ ಅರ್ಧಕ್ಕೆ ಕೇಳಿಸಿತು. ನನಗೆ ಬಹಳ ಸಂಕಟವಾಯಿತು.

ಹೀಗೆ ಮೂವತ್ತು ವರ್ಷದ ಮೇಲಾಯಿತು. ಅಣ್ಣತಮ್ಮಂದಿರ ತಲೆ ನರೆಯಿತು. ದಾಕ್ಷಾಯಣಿ ಕೊಪ್ಪಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದಳು. ಆಗ ಇಡೀ ಮನೆಯನ್ನು ಕೊಳ್ಳಲು ಒಬ್ಬರು ಮುಂದೆ ಬಂದರು. ಮಾರಬೇಕೆಂದರೆ ಹೆಣ್ಣುಮಗಳೂ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಬೇಕು. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ ಎಂದು ಊರವರು ಗಾದೆ ಕಟ್ಟಿದ್ದಾರೆ. ಆ ಗಾದೆ ನೆನಪಾಗಿಯೋ ಏನೋ, ಸಹಿ ಕೇಳುವಾಗ ಇಬ್ಬರೂ ಅವಳ ಮುಖ ನೋಡಲಿಲ್ಲ.

ದಾಕ್ಷಾಯಣಿ ಎರಡು ಬಾಗಿಲಿಗೂ ಸಮ ದೂರದಲ್ಲಿ, ಅಂಗಳದಲ್ಲಿ ನಿಂತು ಹೇಳಿದಳು. "ಸಹಿ ಮಾಡ್ತೀನಿ. ಆದ್ರ ನನಗೂ ಒಂದು ಪಾಲು ಬೇಕು."

ಇಬ್ಬರ ಹೆಂಡತಿಯರೂ ಸೆರಗು ಸರಿಮಾಡಿಕೊಂಡು ಹೊಸ್ತಿಲಿಗೆ ಬಂದರು.

"ಏನು ಬೇಕವಾ ನಿನಗ?" ಎಂದ ಮೌನೇಶ.

"ಆ ಸ್ಟೀರಿಯೋ ಪೆಟ್ಟಿಗಿ. ನಿನ್ನ ಅರ್ಧಾನೂ, ನಾಗ್ಯಾನ ಅರ್ಧಾನೂ. ಹಂಗ ಬಿಡಿ ಬಿಡಿ ಅಲ್ಲ. ಅಪ್ಪನ ಕ್ವಾಣ್ಯಾಗ ಇಬ್ರೂ ಕೂತು ಜೋಡಿಸಿ ಕೊಡ್ರಿ. ಅದು ಹಾಡಿದ ದಿನ ಸಹಿ."

ಹೊಲವನ್ನೋ ಬಂಗಾರವನ್ನೋ ಕೇಳಿಯಾಳೆಂದು ಅಂಜಿದ್ದವರಿಗೆ ಇದು ಅಗ್ಗದ ಬೇಡಿಕೆ ಅನ್ನಿಸಿತು. ಎರಡು ಬೀಗಗಳು ಒಟ್ಟಿಗೆ ತೆರೆದವು. ನನ್ನ ಎರಡು ಅರ್ಧಗಳು ಅಪ್ಪನ ಅಡಿಗಲ್ಲಿನ ಪಕ್ಕ ಬಂದು ಕೂತವು. ಅಂದು ನನಗಾದ ಸಂತೋಷವನ್ನು ಹೇಳಲು ಈಗಲೂ ನನಗೆ ಬಾರದು.

ಮೊದಲ ವಾರ ದಾಕ್ಷಾಯಣಿಯೇ ದುಭಾಷಿ. "ದಾಕ್ಷಿ, ಅಂವಗ ಹೇಳು, ಟ್ರಾನ್ಸ್‌ಫಾರ್ಮರ್ ಈ ಕಡೆ ಇಡಾಕ," ಎಂದು ಮೊಳ ದೂರದಲ್ಲಿ ಕೂತ ತಮ್ಮನಿಗೆ ಅಣ್ಣ ಹೇಳಿ ಕಳಿಸುವುದು. "ಅಕ್ಕಾ, ಇಟ್ಟೀನಿ ಅಂತ ಹೇಳು," ಎಂದು ಅವನು ಉತ್ತರ ಕಳಿಸುವುದು. ಅವಳು ಎರಡನ್ನೂ ಚಾಚೂ ತಪ್ಪದೆ, ಪಾಠ ಹೇಳುವ ದನಿಯಲ್ಲಿ ಮುಟ್ಟಿಸುತ್ತಿದ್ದಳು. ಒಣಗಿಹೋಗಿದ್ದ ನನ್ನ ಹಳೆಯ ಕೆಪಾಸಿಟರುಗಳನ್ನು ತೆಗೆದು ಹೊಸವನ್ನು, ಜೊತೆಗೆ ಒಂದು ರೆಕಾರ್ಡ್ ಪ್ಲೇಯರನ್ನೂ ಆಂಪ್ಲಿಫೈಯರನ್ನೂ ಸ್ಪೀಕರುಗಳನ್ನೂ ತರಿಸಿದಳು. ಕೆಲಸ ನಡೆಯುತ್ತ ಒಂದು ಸಂಗತಿ ಗೊತ್ತಾಯಿತು. ಮೌನೇಶನ ಕೈಯಲ್ಲಿ ಈಗಲೂ ಅಪ್ಪನ ಹದವಿತ್ತು, ಕಣ್ಣು ಮಾತ್ರ ಮಸುಕಾಗಿತ್ತು. ನಾಗಲಿಂಗನ ಕಣ್ಣು ಚುರುಕಾಗಿತ್ತು, ಬೆರಳು ನಡುಗುತ್ತಿತ್ತು. ಒಬ್ಬ ಹಿಡಿದು ತೋರಿಸದೆ ಇನ್ನೊಬ್ಬ ಬೆಸೆಯುವಂತಿರಲಿಲ್ಲ.

ಎಡ ದಾರಿಗೂ ಬಲ ದಾರಿಗೂ ಸರಿಸಮನಾದ ರೆಸಿಸ್ಟರುಗಳನ್ನು ಆರಿಸುವ ದಿನ ನಾಗಲಿಂಗ ಮೀಟರಿನಲ್ಲಿ ಒಂದೊಂದನ್ನೂ ಅಳೆದು, ಜೋಡಿ ಮಾಡಿ ಅಣ್ಣನ ಮುಂದೆ ಸರಿಸಿದ. ಮೀಟರನ್ನೂ ಸರಿಸಿದ, ಬೇಕಾದರೆ ನೀನೇ ನೋಡಿಕೋ ಎಂಬ ಹಾಗೆ. ಮೌನೇಶ ಮೀಟರನ್ನು ತಮ್ಮನ ಕಡೆಗೇ ತಿರುಗಿಸಿ ಇಟ್ಟು, ತಂಗಿಯ ಮೂಲಕವಲ್ಲ, ನೇರವಾಗಿ ಅವನಿಗೇ ಹೇಳಿದ.

"ನೀ ನೋಡೀದಿಲ್ಲೋ, ಸಾಕು. ನಾ ಮತ್ತ ನೋಡೂದಿಲ್ಲ."

ನಾಗಲಿಂಗ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದ. ಕೂತವನು ಮೊದಲಿಗಿಂತ ಒಂದು ಗೇಣು ಹತ್ತಿರ ಕೂತ.

ಇನ್ನು ನಾನು ಹಾಡುವುದೊಂದೇ ಬಾಕಿ. ಅಲ್ಲಿಂದ ಒಂದು ವಿಚಿತ್ರ ಶುರುವಾಯಿತು. ಬೆಳಿಗ್ಗೆ ಬೆಸೆದು ಮುಗಿಸುತ್ತಿದ್ದರು. ಊಟಕ್ಕೆ ಅವನು ಅವನ ಮನೆಗೆ, ಇವನು ಇವನ ಮನೆಗೆ. ಸಂಜೆ ಬಂದು ಸ್ವಿಚ್ ಒತ್ತಿದರೆ ಸದ್ದಿಲ್ಲ. ಮತ್ತೆ ಹುಡುಕಾಟ. "ಎಲ್ಲೋ ಒಂದು ಬೆಸಿಗಿ ಬಿಟ್ಟೈತಿ ನೋಡು." ಮರುದಿನ ಅದೇ ಕಥೆ, ಬೇರೆ ಜಾಗದಲ್ಲಿ.

ಬೆಸುಗೆ ಬಿಡಿಸುತ್ತಿದ್ದವಳು ದಾಕ್ಷಾಯಣಿ. ಅವರು ಊಟಕ್ಕೆ ಹೋದಾಗ ಬೆಸುಗೆಯ ಕಡ್ಡಿಯನ್ನು ಕಾಯಿಸಿ, ಒಂದು ತಂತಿಯ ತುದಿಯನ್ನು ಮೆಲ್ಲಗೆ ಎತ್ತಿ, ಅಂಟಿಕೊಂಡಂತೆಯೇ ಕಾಣುವ ಹಾಗೆ ಒತ್ತಿ ಇಡುತ್ತಿದ್ದಳು. ಅವಳ ಕಣ್ಣೀರಿನ ಹನಿಯೊಂದು ಒಮ್ಮೆ ನನ್ನ ಮೇಲೆ ಬಿದ್ದಾಗ ಅವಳು ಸೆರಗಿನಿಂದ ಒರೆಸಿದಳು. ನನಗೆ ಅವಳ ಮೇಲೆ ಸಿಟ್ಟೂ ಬಂತು. ಹಾಡಲೆಂದೇ ಇಷ್ಟು ವರ್ಷ ಕಾದವನು ನಾನು.

ಒಂದು ದಿನ ಮೌನೇಶ ಊಟಕ್ಕೆ ಏಳಲಿಲ್ಲ. ನಾಗಲಿಂಗನೂ ಏಳಲಿಲ್ಲ. ಮೌನೇಶ ಕನ್ನಡಕ ತೆಗೆದು ಒರೆಸುತ್ತ ಕೇಳಿದ.

"ದಾಕ್ಷಿ, ಇವತ್ತ ಯಾವ ಬೆಸಿಗಿ ಬಿಡಸಾಕಿ ಅದಿ? ಹೇಳು, ಅದನ್ನ ನಾವ ಬಿಟ್ಟು ಹೋಗ್ತೀವಿ. ಕೈ ಸುಟಗೊಂಡೀ."

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಾಗಲಿಂಗ ನೆಲ ನೋಡುತ್ತ ಹೇಳಿದ. "ಮೊದಲನೇ ದಿನಾನ ಗೊತ್ತಾತಕ್ಕಾ. ಪತ್ತಾರಗ ತನ್ನ ಬೆಸಿಗಿ ಯಾವುದು, ಎಬ್ಬಿಸಿದ್ದು ಯಾವುದು ತಿಳಿಯೂದಿಲ್ಲೇನು? ಅಣ್ಣಗೂ ಗೊತ್ತಿತ್ತು. ಇಬ್ರೂ ಸುಮ್ಮನ ಮತ್ತ ಹಚ್ಚತಿದ್ವಿ."

ದಾಕ್ಷಾಯಣಿ ಅಪ್ಪನ ಅಡಿಗಲ್ಲಿನ ಮೇಲೆ ಕೈಯೂರಿದಳು. "ಇದು ಮುಗದ್ರ ನೀವು ನಿಮ್ಮ ನಿಮ್ಮ ದಾರಿ ಹಿಡೀತೀರಿ. ಮನಿ ಮಾರಿ ಹೋಗತೈತಿ. ನಾ ಯಾವ ಊರಿಗೆ ತವರು ಅಂತ ಬರ್ಲಿ?"

ಮೌನೇಶನ ಹೆಂಡತಿ ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲೇ ನಿಂತಳು. ಮೌನೇಶ ಅವಳಿಗೆ, "ತಾಟು ಇಲ್ಲೇ ತಾ. ಮೂರು ತಾಟು," ಎಂದ. ಅಂದು ಮೂವರೂ ನನ್ನ ಸುತ್ತ ಕೂತು ಉಂಡರು. ಗೋಡೆಯ ಆಚೆಯಿಂದ ನಾಗಲಿಂಗನ ಹೆಂಡತಿ ಶೇಂಗಾ ಚಟ್ನಿ ಕಳಿಸಿದಳು.

ಮರುದಿನ ನಾನು ಹಾಡಿದೆ. ಎಡಗಡೆಯಿಂದ ತಂಬೂರಿ, ಬಲಗಡೆಯಿಂದ ತಬಲ, ನಡುವೆ ಗವಾಯಿಯ ದನಿ. ರೆಕಾರ್ಡು ಮುಗಿದ ಮೇಲೆ ದಾಕ್ಷಾಯಣಿ ಸಹಿ ಹಾಕಿದಳು. ಕೊಟ್ಟ ಮಾತು ಕೊಟ್ಟದ್ದೇ, ಅವಳೂ ಪತ್ತಾರರ ಮಗಳು. ಮನೆ ಮಾರಿಹೋಯಿತು, ನಡುವಿನ ಗೋಡೆಯೂ ಅದರ ಜೊತೆಗೇ ಹೋಯಿತು. ಅಣ್ಣತಮ್ಮಂದಿರು ಊರಿನ ಎರಡು ದಿಕ್ಕಿಗೆ ಎರಡು ಸಣ್ಣ ಮನೆ ಮಾಡಿಕೊಂಡರು.

ನಾನೀಗ ಕೊಪ್ಪಳದಲ್ಲಿ, ದಾಕ್ಷಾಯಣಿಯ ಪಡಸಾಲೆಯ ಮೂಲೆಯಲ್ಲಿದ್ದೇನೆ. ವಯಸ್ಸಾಯಿತು. ಗುಂಡಿ ತಿರುಗಿಸಿದರೆ ಗರಗರ ಎನ್ನುತ್ತೇನೆ, ಬಲಗಡೆಯ ದನಿ ಆಗಾಗ ಅಡಗುತ್ತದೆ. ಈ ಊರಲ್ಲಿ ರಿಪೇರಿಯವರಿಗೆ ಬರವಿಲ್ಲ, ಅವಳು ಯಾರಿಗೂ ತೋರಿಸುವುದಿಲ್ಲ. ಹಾಡುವುದಕ್ಕಾಗಿಯೇ ನಾನು ಹುಟ್ಟಿದ್ದು ಎಂದು ಬಹಳ ಕಾಲ ನಂಬಿದ್ದೆ. ಚೆನ್ನಾಗಿ ಹಾಡಿದ ದಿನಗಳಿಗಿಂತ ಕೆಟ್ಟು ಕೂತ ದಿನಗಳಲ್ಲೇ ಈ ಮನೆತನಕ್ಕೆ ಹೆಚ್ಚು ಉಪಕಾರ ಮಾಡಿದ್ದೇನೆಂದು ಈಗೀಗ ಅನ್ನಿಸುತ್ತದೆ. ಈ ಬಗ್ಗೆ ನನಗೆ ಬೇಸರವಿಲ್ಲ.

ನಾಳೆ ನಾಗರ ಪಂಚಮಿ. ತವರಿನವರು ಬಂದು ಹೆಣ್ಣುಮಗಳನ್ನು ಕರೆದೊಯ್ಯುವ ಹಬ್ಬ, ಕರೆದೊಯ್ಯಲು ತವರುಮನೆಯೇ ಇಲ್ಲ. ಬೆಳಿಗ್ಗೆ ದಾಕ್ಷಾಯಣಿ ಗದಗಿಗೆ ಫೋನ್ ಮಾಡಿ, "ಅಣ್ಣಾ, ಪೆಟ್ಟಿಗಿ ಮತ್ತ ಕೆಟ್ಟೈತಿ," ಎಂದಳು. ಈಗ ಹಬ್ಬಕ್ಕೆ ಶೇಂಗಾ ಉಂಡಿ ಕಟ್ಟುತ್ತಿದ್ದಾಳೆ. ಇಬ್ಬರೂ ಒಂದೇ ಬಸ್ಸು ಹತ್ತಿದ್ದಾರಂತೆ.